ಅಳತೆ ಚೀಟಿಯ ಹಿಂಬದಿ

“ಕುಪ್ಪಿ ತೊಳೆಯದೆ ತಂದರೆ ಮದ್ದು ಇಲ್ಲ!”

ವಾಮದಪದವಿನ ಸಣ್ಣ ಆಸ್ಪತ್ರೆಯ ಕಿಟಕಿಯಿಂದ ಮದ್ದಿನ ಕುಪ್ಪಿ ಹೋದ ಹಾಗೆಯೇ ವಾಪಸು ಬಂತು. ಬೆಳಗಿನಿಂದ ಬೀಡಿ ಕಟ್ಟಿ, ಅಮ್ಮನ ಕೆಮ್ಮಿನ ಮದ್ದಿಗೆಂದು ಎರಡು ಮೈಲಿ ನಡೆದು ಬಂದಿದ್ದ ಸ್ವರ್ಣಲತಾಳಿಗೆ ಇದೊಂದು ಬಾಕಿ ಇತ್ತು!

“ತೊಳೆಯುವಷ್ಟು ತ್ರಾಣ ಇದ್ದಿದ್ದರೆ ತೊಳೆದೇ ತರುತ್ತಿದ್ದೆ, ಕಂಪೌಂಡ್ರೇ.”

ಕಂಪೌಂಡರ್ ಶೇಖರ ತಲೆಯೆತ್ತಿದ. ಹೊಗೆಸೊಪ್ಪಿನಿಂದ ಕಪ್ಪಾದ ಅವಳ ಬೆರಳುಗಳು, ಕಂಕುಳಲ್ಲಿ ಒಂದು ಇಂಗ್ಲಿಷ್ ಪುಸ್ತಕ. ಅವನು ಕುಪ್ಪಿಯನ್ನು ತಾನೇ ತೊಳೆದ.

“ಪುಸ್ತಕ ಯಾರದ್ದು?”

“ನನ್ನದೇ. ಮಂಗಳೂರಿನ ನರ್ಸ್ ತರಬೇತಿಗೆ ಸೇರುವ ಪರೀಕ್ಷೆಗೆ. ಒಂದು ಸಲ ಫೇಲಾಯಿತು. ಮಾರುದ್ದದ ಶಬ್ದಗಳು… ಇವತ್ತು ಓದಿದ್ದು ನಾಳೆ ಇರುವುದಿಲ್ಲ.”

“ಇಡೀ ಶಬ್ದವನ್ನು ಯಾಕೆ ನುಂಗ್ತೀರಿ? ತುಂಡು ಮಾಡಿ. ನಿಮ್ಮ ಅಮ್ಮನಿಗೆ ಬ್ರಾಂಕೈಟಿಸ್. ಬ್ರಾಂಕಸ್ ಅಂದರೆ ಉಸಿರಿನ ಕೊಳವೆ, ಗ್ರೀಕರ ಮಾತು. ಐಟಿಸ್ ಅಂದರೆ ಬಾವು. ಇಂಥ ಎಲ್ಲ ರೋಗಕ್ಕೂ ಬಾಲ ಅದೇ, ತಲೆ ಮಾತ್ರ ಬೇರೆ. ಅರ್ಧ ಪುಸ್ತಕ ಅಷ್ಟೇ!”

ಆಗೆಲ್ಲ ಮದ್ದಿನ ಕುಪ್ಪಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಚೀಟಿ ಅಂಟಿಸುತ್ತಿದ್ದರು. ಒಂದು ಹಲ್ಲಿನಷ್ಟು ಇಳಿದರೆ ಒಂದು ಹೊತ್ತಿನ ಮದ್ದು. ಶೇಖರ ಆ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ಅಂಟಿಸತೊಡಗಿದ. ಕಂದು ಮದ್ದು ಇಳಿದಂತೆ ಗಾಜಿನೊಳಗಿಂದ ಅಕ್ಷರ ಕಾಣುತ್ತಿತ್ತು. ಒಂದು ವಾರ ‘ಕಾರ್ಡಿಯ, ಹೃದಯ’. ಮತ್ತೊಂದು ವಾರ ‘ಹೀಮ, ರಕ್ತ’.

“ಇದೆಂಥ ಹುಚ್ಚು ಮಾರಾಯ್ರೆ?”

“ಮದ್ದು ಮುಗಿಯದೆ ಪಾಠ ಸಿಗಬಾರದು. ಅಮ್ಮನಿಗೂ ಹೊತ್ತಿಗೆ ಸರಿಯಾಗಿ ಮದ್ದು ಹೋಗ್ತದೆ.”

ಅಂದಿನಿಂದ ಅವಳು ಕುಪ್ಪಿ ತೊಳೆದೇ ತಂದಳು. ಎಷ್ಟು ದಣಿದಿದ್ದರೂ!

ಒಂದು ದಿನ ಕೇಳಿದಳು, “ಪೇಷೆಂಟ್ ಅಂದರೆ?”

“ಲ್ಯಾಟಿನ್. ಬೇರಿಗೆ ಹೋದರೆ, ತಾಳಿಕೊಳ್ಳುವವರು.”

“ಹಾಗಾದರೆ ನಾನೂ ಪೇಷೆಂಟೇ,” ಎಂದು ನಕ್ಕಳು.

ಶೇಖರ ನಗಲಿಲ್ಲ. ಅವಳ ಕಣ್ಣ ಕೆಳಗಿನ ಕಪ್ಪನ್ನೇ ನೋಡುತ್ತ ನಿಂತ. ಆ ನೋಟ ಮನೆಯವರೆಗೂ ಅವಳ ಜೊತೆ ಬಂತು. ಇವರ ಮನಸ್ಸಿನಲ್ಲಿ ನಾನು ಇದ್ದೇನಾ…? ಇದ್ದರೆ ಒಂದು ಮಾತು ಹೇಳಬಾರದಾ!

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಜೊತೆಗೆ ಬೀಡಿ ಕಟ್ಟುವ ಬೀಫಾತಿಮಾ ಸುದ್ದಿ ತಂದಳು. “ನಿನಗೆ ಗೊತ್ತಿಲ್ಲವಾ? ಕಂಪೌಂಡ್ರಿಗೆ ಬೆಳ್ತಂಗಡಿಗೆ ವರ್ಗ ಅಂತೆ. ಈ ಶನಿವಾರವೇ.”

ಸ್ವರ್ಣಲತಾ ಕಿಟಕಿಗೆ ಓಡಿದಳು. ಹಿಂದೆ ಹತ್ತು ಜನ ಸಾಲಾಗಿ ನಿಂತಿದ್ದರು. ಶೇಖರ ಚೀಟಿ ಅಂಟಿಸಿ ಕುಪ್ಪಿ ಕೊಟ್ಟ.

“ಇದನ್ನು ಪೂರ್ತಿ ಮುಗಿಸಿ.”

ಅಷ್ಟೇ! ಹೋಗುವ ವಿಷಯ ಒಂದಕ್ಷರ ಇಲ್ಲ. ಸರಿ, ನಾನು ಇವರಿಗೆ ಯಾರು…? ಕುಪ್ಪಿಯನ್ನು ಅಮ್ಮನ ಕೈಗೆ ಕೊಟ್ಟು ಅವಳು ಮಂಗಳೂರಿನ ಬಸ್ಸು ಹತ್ತಿದಳು.

ಪರೀಕ್ಷೆ ಬರೆದು ಬಂದಾಗ ಶೇಖರ ಹೋಗಿಯಾಗಿತ್ತು. “ಮದ್ದು ಮುಗಿಯಿತಾ?” ಎಂದರೆ ಅಮ್ಮ, “ಮುಗಿಯಿತು ಮಗಾ,” ಎಂದರು. ಕುಪ್ಪಿ ಎಲ್ಲಿ ಎಂದು ಕೇಳುವ ಮನಸ್ಸಾಗಲಿಲ್ಲ. ಇನ್ನೊಂದು ಗ್ರೀಕ್ ಶಬ್ದ ತಿಳಿದು ಏನಾಗಬೇಕು!

ಪಾಸಾದಳು. ಮಂಗಳೂರಿನಲ್ಲಿ ತರಬೇತಿಗೆ ಸೇರಿದಳು. ಎರಡು ವರ್ಷ ಕಾಲು ಊದಿಸಿಕೊಂಡು ವಾರ್ಡಿನಿಂದ ವಾರ್ಡಿಗೆ ನಡೆದಳು. ಡಾಕ್ಟರು ಉದ್ದದ ಶಬ್ದ ಹೇಳಿದಾಗಲೆಲ್ಲ ಅದನ್ನು ತುಂಡು ಮಾಡುತ್ತಿದ್ದಳು, ಪ್ರತಿ ತುಂಡಿನಲ್ಲೂ ಅವನ ದನಿ ಕೇಳುತ್ತಿತ್ತು. ಮರೆಯಲು ನೋಡಿ ನೋಡಿ ಅದಕ್ಕೂ ದಣಿದಳು.

ರಜೆಗೆ ಬಂದಾಗ ಅಮ್ಮನಿಗೆ ಮತ್ತೆ ಕೆಮ್ಮು. ಅವರು ಅಟ್ಟದ ಮೂಲೆಯಿಂದ ಒಂದು ಕುಪ್ಪಿ ಇಳಿಸಿದರು.

“ಅರ್ಧ ಉಂಟು. ಎರಡೇ ದಿನದಲ್ಲಿ ಕೆಮ್ಮು ನಿಂತಿತಲ್ಲ, ಚೆಲ್ಲುವುದು ಯಾಕೆಂದು ಮುಂದಿನ ಸಲಕ್ಕೆ ಎತ್ತಿಟ್ಟದ್ದು. ನೀನು ಬೈತಿ ಅಂತ ಹೇಳಲಿಲ್ಲ.”

“ಅಮ್ಮಾ! ಎರಡು ವರ್ಷದ ಮದ್ದು!”

ಕಸಿದುಕೊಂಡು ಅಂಗಳಕ್ಕೆ ಸುರಿದಳು. ಖಾಲಿ ಗಾಜಿನೊಳಗೆ, ಚೀಟಿಯ ಕೆಳಗಿನ ಅರ್ಧದಲ್ಲಿ, ಅಕ್ಷರ ಕಂಡಿತು. ಗ್ರೀಕ್ ಅಲ್ಲ, ಲ್ಯಾಟಿನ್ ಅಲ್ಲ…

‘ನನ್ನನ್ನು ಮದುವೆಯಾಗಲು ಒಪ್ಪಿಗೆ ಇದ್ದರೆ ಈ ಖಾಲಿ ಕುಪ್ಪಿ ಹಿಡಿದು ಬೆಳ್ತಂಗಡಿಗೆ ಬನ್ನಿ. ಬಾರದಿದ್ದರೆ ನಾನು ಪುನಃ ಕೇಳುವುದಿಲ್ಲ.’

ಸ್ವರ್ಣಲತಾ ಮೆಟ್ಟಿಲ ಮೇಲೆ ಕೂತಳು. ಬರಲಿಲ್ಲ ಎಂದು ಎಷ್ಟು ದಿನ ದಾರಿ ನೋಡಿದರೋ…! ಅಮ್ಮನ ಮೇಲೆ ಸಿಟ್ಟು ಮಾಡಲೂ ತ್ರಾಣವಿರಲಿಲ್ಲ. ಎದ್ದು ಕುಪ್ಪಿ ತೊಳೆದಳು.

ಮರುದಿನ ಬೆಳ್ತಂಗಡಿಯ ಆಸ್ಪತ್ರೆಯ ಕಿಟಕಿಯಲ್ಲಿ ಅದೇ ಮುಖ. ಕಿವಿಯ ಬದಿಯಲ್ಲಿ ನರೆ.

“ಕುಪ್ಪಿ ಕೊಡಿ,” ಎಂದ, ತಲೆಯೆತ್ತದೆ.

ಕೊಟ್ಟಳು. ಚೀಟಿ ನೋಡಿದವನ ಕೈ ನಿಂತುಹೋಯಿತು.

“ತೊಳೆದಿದ್ದೇನೆ,” ಎಂದಳು.

“ಎರಡು ವರ್ಷ ಬೇಕಾಯಿತಾ?”

“ಅಮ್ಮ ಅರ್ಧ ಕುಡಿದು ಎತ್ತಿಟ್ಟಿದ್ದರು. ನಾನು ಓದಿದ್ದು ನಿನ್ನೆ… ನಿಮ್ಮ ಮನೆಯಲ್ಲಿ… ಯಾರಾದರೂ ಇದ್ದಾರಾ?”

“ಒಲೆ ಉಂಟು. ನಾನೇ ಉರಿಸಬೇಕು.”

ಅವಳ ಕಣ್ಣೀರು ಇಳಿಯಿತು. ಶೇಖರ ಬಾಗಿಲು ತೆರೆದು ಹೊರಗೆ ಬಂದ.

“ಬಚ್ಚಿತಾ?”

ದಣಿವಾಯಿತಾ ಎಂದು ಈ ಎರಡು ವರ್ಷದಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ.

“ತುಂಬಾ… ನಿಮಗೆ?”

“ನನಗೂ. ಸ್ವಲ್ಪ ಕೂತುಕೊಳ್ಳಿ. ಮತ್ತೆ ನಿಮ್ಮ ಅಮ್ಮನ ಹತ್ತಿರ ಹೋಗುವ. ಈ ಸಲ ಮದ್ದು ನಾನೇ ಎದುರು ನಿಂತು ಕುಡಿಸ್ತೇನೆ.”

“ಚೀಟಿಯ ಹಿಂದೆ ಏನು ಬರೀತೀರಿ?”

“ಏನೂ ಇಲ್ಲ. ಇನ್ನು ಎಲ್ಲ ಬಾಯಿಯಲ್ಲೇ ಹೇಳ್ತೇನೆ.”