ಗೋಡೆ ದಾಟಿದ ಕುಂಬಳಕಾಯಿ

“ನಮ್ಮ ಕುಂಬಳಕಾಯಿಗೆ ಕಣ್ಣು ಕೆತ್ತಿದವರು ಯಾರ್ರಿ?”

ಹಿತ್ತಲ ಗೋಡೆಯಾಚೆಯಿಂದ ಬಂದ ಗಂಡು ದನಿಗೆ ಸಪ್ನಾ ಬೆಚ್ಚಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳ ಕೈಯೂ ನಿಜಕ್ಕೂ ಹೆಗಲ ಮೇಲಿನ ದುಪಟ್ಟಾಕ್ಕೇ ಹೋಯಿತು. ಅದರ ತುಂಬ ತಿರುಳು ಮೆತ್ತಿತ್ತು!

ಅವಳ ಕುಟುಂಬ ಸವದತ್ತಿ ಬಿಟ್ಟು ಬೈಲಹೊಂಗಲದ ಈ ಬಾಡಿಗೆ ಮನೆಗೆ ಬಂದದ್ದು ನವರಾತ್ರಿಯಲ್ಲಿ. ಪಕ್ಕದ ಮನೆಯ ಬಳ್ಳಿ ಗೋಡೆ ಹತ್ತಿ ಇವರ ಕಡೆಗೊಂದು ಕಾಯಿ ಇಳಿಬಿಟ್ಟಿತ್ತು. ಮೊಬೈಲಿನಲ್ಲಿ ಹ್ಯಾಲೋವೀನ್ ಹಬ್ಬದ ಕುಂಬಳಕಾಯಿ ಅಲಂಕಾರ ನೋಡಿದ್ದೇ ತಡ, ಸಪ್ನಾ ಅದನ್ನು ಕೊಯ್ದು, ಕಣ್ಣು, ಮೂಗು, ಸೊಟ್ಟ ಬಾಯಿ ಕೆತ್ತಿ, ಒಳಗೆ ಹಣತೆ ಇಟ್ಟು ಕಟ್ಟೆಯ ಮೇಲೆ ಕೂರಿಸಿದ್ದಳು. ಕಾಯಿಗೊಬ್ಬ ಒಡೆಯ ಇರುತ್ತಾನೆಂದು ಹೊಳೆದಿದ್ದರೆ ತಾನೆ?

“ಗ್ವಾಡಿ ದಾಟಿ ಬಂದದ್ದು ನಮ್ಮದು ಅನ್ಕೊಂಡೆರಿ…”

“ಬೀಜಕ್ಕಂತ ಬಿಟ್ಟಿದ್ದೆರಿ ಅದನ್ನ. ನಮ್ಮ ಅಜ್ಜಿ ಕಾಲದ ತಳಿ.”

ಆ ಮಾತಿನಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಸಪ್ನಾ ಒಳಗೆ ಓಡಿ ಬೀಜದ ತಾಟು, ಕೇಕಿನ ಡಬ್ಬಿ ತಂದು ಗೋಡೆಯ ಮೇಲಿಟ್ಟಳು.

“ಬೀಜ ಎಲ್ಲಾ ಇಲ್ಲೇ ಅದಾವ. ಹುರಿಯಾಕಂತ ಒಣ ಹಾಕಿದ್ದೆ, ಇನ್ನೂ ಹುರಿದಿಲ್ಲ. ಮತ್ತ… ತಿರುಳು ಹಾಕಿ ಕೇಕ್ ಮಾಡೇನಿ. ಲೆಕ್ಕಕ್ಕ ಅದೂ ನಿಮ್ಮದ.”

ಅವನು ತುಂಡು ಮುರಿದು ಬಾಯಿಗಿಟ್ಟ. ಹುಬ್ಬಿನ ಗಂಟು ಬಿಚ್ಚಿತು.

“ಬೆಲ್ಲ ಹಾಕೀರೇನು?”

“ಹೂಂರಿ. ಕುಕ್ಕರಿನ್ಯಾಗ ಉಪ್ಪು ಹಾಸಿ ಬೇಯಿಸಿದ್ದು.”

“ಅರ್ಧ ಬೀಜ ನೀವ ಇಟ್ಕೋರಿ ಹಂಗಾರ,” ಎಂದು ನಕ್ಕ. ಆ ನಗುವಿಗೆ ಸಪ್ನಾಳ ಎದೆ ಒಮ್ಮೆ ಡವಗುಟ್ಟಿತು.

ಹೆಸರು ವಿರೂಪಾಕ್ಷ. ಕಿತ್ತೂರಿನಲ್ಲಿ ಶಾಲೆಯ ಮಾಸ್ತರ. ಮನೆಯಲ್ಲಿ ಅವನು ಮತ್ತು ತಾಯಿ ಚನ್ನವ್ವ, ಇಬ್ಬರೇ. ಸಂಜೆ ಶಾಲೆಯಿಂದ ಬಂದವನೇ ಅಂಗಿ ತೋಳು ಮಡಚಿ ಹಿತ್ತಲಿಗಿಳಿಯುತ್ತಿದ್ದ. ಆಚೆಯಿಂದ ಮೆಂತ್ಯೆ ಸೊಪ್ಪು, ಎಳೆ ಬದನೆಕಾಯಿ ಬಂದರೆ ಈಚೆಯಿಂದ ಕೇಕು, ಬಿಸ್ಕತ್ತು ಹೋಗುತ್ತಿದ್ದವು. ದೀಪಾವಳಿಗೆ ಇಬ್ಬರೂ ಗೋಡೆಯ ಆಚೆ ಈಚೆ ನಿಂತು ಚೆಂಡುಹೂವಿನ ಒಂದೇ ಮಾಲೆಯನ್ನು ಎರಡು ತುದಿಯಿಂದ ಕಟ್ಟಿದ್ದರು.

‘ಇವರು ಕಾಣದ ದಿನ ನನ್ನ ಕೇಕು ಯಾಕೆ ಉಬ್ಬೋದಿಲ್ಲ?’ ಎಂದು ಸಪ್ನಾ ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಒಪ್ಪಿಕೊಳ್ಳಲು ನಾಚಿಕೆ, ಅಷ್ಟೇ.

ಕಾರ್ತಿಕದ ಗೌರಿ ಹುಣ್ಣಿಮೆ ಹತ್ತಿರ ಬಂತು. ಬಿಸಿ ಕೇಕು ಹಿಡಿದು ಪಕ್ಕದ ಮನೆಯ ಹೊಸ್ತಿಲಿಗೆ ಹೋದ ಸಪ್ನಾ ಅಲ್ಲೇ ನಿಂತುಬಿಟ್ಟಳು.

ಒಳಗೆ ವಿರೂಪಾಕ್ಷ ಕಟ್ಟಿಗೆಯ ಅಚ್ಚುಗಳಿಗೆ ಸಕ್ಕರೆ ಪಾಕ ಹೊಯ್ಯುತ್ತಿದ್ದ. ಪಕ್ಕದ ತಾಟಿನ ತುಂಬ ಸಕ್ಕರೆಯ ನವಿಲು, ತೇರು, ಗೌರಿ. ಅದರ ಮಗ್ಗುಲಲ್ಲೇ ಒಂದು ಹಸಿರು ಇಳಕಲ್ ಸೀರೆ.

“ಚಂದಂಗ ಹೊಯ್ಯೋ ತಮ್ಮಾ,” ಎನ್ನುತ್ತಿದ್ದಳು ಚನ್ನವ್ವ. “ಹೊಸಾ ಬೀಗರು ಹೆಸರು ಇಡಬಾರದು.”

ಬೀಗರು…

ಗೌರಿ ಹುಣ್ಣಿಮೆಗೆ ಗಂಡಿನ ಮನೆಯಿಂದ ನಿಶ್ಚಯವಾದ ಹುಡುಗಿಗೆ ಇಂಥ ಸಕ್ಕರೆ ಗೊಂಬೆಗಳ ಆರತಿ, ಸೀರೆ ಹೋಗುವುದು ಈ ಸೀಮೆಯ ಪದ್ಧತಿ. ಸಪ್ನಾಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕೇಕಿನ ಡಬ್ಬಿ ಹಿಡಿದುಕೊಂಡೇ ಹಿಂದಿರುಗಿದಳು.

‘ಲಗ್ನ ಗೊತ್ತಾದವರ ಜೊತೆ ಮಾಲೆ ಕಟ್ಟಿದೆನಲ್ಲ! ಒಂದು ಮಾತು ಹೇಳಬಾರದಿತ್ತೆ?’

ಹಿಟ್ಟಿನ ಡಬ್ಬಿ ಮೇಲಿನ ಗೂಡು ಸೇರಿತು. ಸಂಜೆ ಹಿತ್ತಲಿನಿಂದ ಕರೆದರೂ ಅವಳು ಹೊರಗೆ ಬರಲಿಲ್ಲ. ದಿಂಬು ಒದ್ದೆಯಾದದ್ದನ್ನು ತಾಯಿ ಕೇಳಿದರೆ ನೆಗಡಿಯ ಮೇಲೆ ಹಾಕಿದಳು.

ಹುಣ್ಣಿಮೆಯ ಸಂಜೆ ತುಳಸಿಕಟ್ಟೆಗೆ ದೀಪ ಇಡಲು ಹಿತ್ತಲಿಗೆ ಬರಲೇಬೇಕಾಯಿತು. ವಿರೂಪಾಕ್ಷ ಗೋಡೆಗೊರಗಿ ಕಾಯುತ್ತಿದ್ದ.

“ಮಾತು ಬಿಟ್ಟೀರಲ್ಲರಿ. ನನ್ನಿಂದ ಏನ್ ತಪ್ಪಾತು?”

“ಲಗ್ನ ಆಗಾವ್ರಿಗೆ ನೆರೆಮನಿ ಹುಡುಗಿ ಮಾತು ಯಾಕ ಬೇಕ್ರಿ?” ಎಂದು ಮುಖ ತಿರುಗಿಸಿದಳು. “ಆರತಿ ಮಾಡೂದು ಕಣ್ಣಾರೆ ನೋಡೇನಿ. ಸೀರಿ ಸಹಿತ.”

ಅವನು ಗೋಡೆ ಹಿಡಿದುಕೊಂಡು ನಕ್ಕ.

“ಅದು ನಮ್ಮ ಅಣ್ಣ ಶಿವಲಿಂಗಂದ್ರಿ. ರಾಮದುರ್ಗದಾಗ ನೌಕರಿ. ಸಿರಸಂಗಿ ಹುಡುಗಿ ಗೊತ್ತಾಗೇತಿ. ಅವಂಗ ಸಕ್ಕರಿ ಪಾಕ ಅಂದ್ರ ತಿಳಿಯಂಗಿಲ್ಲ. ನನಗ ಹುಚ್ಚು, ಅದಕ್ಕ ನಾ ಮಾಡ್ದೆ. ಮುಂಜಾನೆನ ಹೋಗಿ ಕೊಟ್ಟು ಬಂದ್ವಿ.”

ಸಪ್ನಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

ಅವನು ಕರವಸ್ತ್ರ ಬಿಚ್ಚಿ ಗೋಡೆಯ ಮೇಲಿಟ್ಟ. ಅಂಗೈಯಷ್ಟು ಸಕ್ಕರೆಯ ಕುಂಬಳಕಾಯಿ! ಅದಕ್ಕೆ ಎರಡು ಕಣ್ಣು, ಮೂಗು… ಅವಳೇ ಕೆತ್ತಿದ್ದ ಅದೇ ಸೊಟ್ಟ ಬಾಯಿ.

“ಈ ಅಚ್ಚು ಪ್ಯಾಟ್ಯಾಗ ಸಿಗೂದಿಲ್ಲ. ನಾನ ಕೆತ್ತೇನಿ. ಇದಷ್ಟು ನಿಮಗಂತ.”

“ಬಾಯಿ ಸೊಟ್ಟ ಆಗೇತ್ರಿ,” ಎಂದಳು ಕಣ್ಣೊರೆಸಿಕೊಳ್ಳುತ್ತ.

“ಆ ಸೊಟ್ಟ ಬಾಯಿ ನೋಡಿದ ದಿನಾನ ನೀವು ನನ್ನ ಮನಸಿಗೆ ಸೇರಿದ್ರಿ. ಸಪ್ನಾ… ಗ್ವಾಡಿ ದಾಟಿ ಬಂದದ್ದು ನಮ್ಮದು ಅಂದಿದ್ರಿ. ನಾ ದಾಟಿ ಬಂದ್ರ?”

ಬೆಳದಿಂಗಳಿಗೆ ಆ ಪುಟ್ಟ ಸಕ್ಕರೆ ಮುಖ ಹೊಳೆಯುತ್ತಿತ್ತು. ಸಪ್ನಾ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಇಷ್ಟು ಸಂತೋಷವನ್ನು ಎಲ್ಲಿಡಬೇಕೆಂದು ಅವಳಿಗೆ ತೋಚಲಿಲ್ಲ.

“ನೀವ್ಯಾಕ ಗ್ವಾಡಿ ಹಾರತೀರಿ?” ಎಂದಳು ಮೆಲ್ಲಗೆ. “ಮುಂದಿನ ಬಾಗಲದಿಂದ ಬರ್ರಿ. ಅವ್ವಾರನ್ನ ಕರಕೊಂಡು.”

“ಯಾವಾಗ ಬರ್ಲಿ?”

“ಈಗ ಹಿಟ್ಟಿನ ಡಬ್ಬಿ ಇಳಿಸ್ತೇನಿ. ಕೇಕ್ ಉಬ್ಬೂದ್ರಾಗ ಬರ್ರಿ.”