ಹನ್ನೆರಡು ಜನರ ಡೇರೆ

"ಕೇಳಿದ್ದು ಕುಣಿಕೆ. ನಿನ್ನ ಬೆರಳಲ್ಲ."

"ಎರಡೂ ತಗೋ."

ನೆಲಕ್ಕೆ ಹಾಸಿದ್ದ ಕ್ಯಾನ್ವಾಸಿನ ಎರಡು ಭಾಗಗಳು ಕೂಡುವಲ್ಲಿ ಇಬ್ಬರೂ ಎದುರುಬದುರು ಮಂಡಿಯೂರಿದ್ದರು. ಅವನು ತನ್ನ ಕಡೆಯ ಹಗ್ಗದ ಕುಣಿಕೆಯನ್ನು ತೂತಿನಲ್ಲಿ ತೂರಿಸಬೇಕು. ಸರ್ಕಸ್ಸಿನ ಡೇರೆ ಹೊಲಿಯುವ ಅವಳು, ಅವನ ಬಾಯಲ್ಲಿ 'ಸೂಜಿ', ಅದರೊಳಗೆ ಮುಂದಿನ ಕುಣಿಕೆಯನ್ನು ಎಳೆಯಬೇಕು. ಹೀಗೆ ಅರವತ್ತು. ಒಂದು ತಪ್ಪಿದರೂ ಗಾಳಿ ಅಲ್ಲಿಂದಲೇ ಡೇರೆಯನ್ನು ಬಿಚ್ಚಿಹಾಕುತ್ತದೆ.

"ಮೂರು ವರ್ಷದ ಪ್ರೀತಿ ಕಣೆ ಸೂಜಿ. ಮಂಡಿ ಸವೆದುಹೋಯ್ತು."

"ಸವೆದಿದ್ದು ಕೆಲಸಕ್ಕೆ. ಜಂಬ ಬೇಡ."

ಅವನು ನಗಲಿಲ್ಲ. ಅವಳ ಕಣ್ಣು ತಪ್ಪಿಸಿದ.

ಮೊದಲ ಕಂಬದ ಬುಡದಲ್ಲಿ ಅವಳ ಅಪ್ಪ, ಹಗ್ಗದ ಮೇಸ್ತ್ರಿ, ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅವನ ಒಂದು ಕೂಗಿಗೆ ನಲವತ್ತು ಜನ ಒಟ್ಟಿಗೆ ಎಳೆದರೆ ಅಷ್ಟು ಭಾರದ ಬಟ್ಟೆ ಅರವತ್ತು ಅಡಿ ಮೇಲೇರುತ್ತಿತ್ತು.

"ಈ ಡೇರೆ ಏಳೋದು ಇದೇ ಕೊನೆ," ಎಂದ ಎದುರಿಗೆ ಮಂಡಿಯೂರಿದ್ದವನು. "ಮುಂದಿನ ಊರಿಗೆ ಹೊಸದು. ಪ್ಲಾಸ್ಟಿಕ್, ಎರಡೇ ಕಂಬ. ಮೋಟಾರ್ ಎತ್ತುತ್ತೆ. ಹನ್ನೆರಡು ಜನ ಸಾಕು."

"ಸಾಕು ಅಂದಿದ್ದು ಯಾರು?"

"ಮಾಲೀಕರು ಕೇಳಿದ್ರು. ನಾನೇ ಹೇಳ್ದೆ. ಇನ್ಮೇಲೆ ಡೇರೆ ಮೇಸ್ತ್ರಿ ನಾನು."

"ಅಪ್ಪ?"

"ಮೋಟಾರ್‌ಗೆ ಕೂಗು ಬೇಕಾಗಲ್ಲ." ಎಷ್ಟು ಮೆತ್ತಗೆ ಹೇಳಿದನೆಂದರೆ, ಬೈದಿದ್ದರೇ ವಾಸಿಯಿತ್ತು. "ಉಳಿಯೋ ಹನ್ನೆರಡು ಜನರ ಪಟ್ಟಿಯಲ್ಲಿ ನೀನಿದೀಯ. ನನ್ನ ಹೆಂಡ್ತಿ ಅಂತ ಬರೆಸಿದೀನಿ. ವ್ಯಾನಲ್ಲಿ ನಮಗೇ ಒಂದು ರೂಮು. ಪರದೆ ಅಲ್ಲ, ಬಾಗಿಲು. ನೀನೇ ತಾನೆ ಆಸೆಪಟ್ಟಿದ್ದು?"

ಆಸೆಪಟ್ಟಿದ್ದಳು. ಚಿಲಕ ಹಾಕಿದರೆ ಎಂಥ ಸದ್ದು ಬರಬಹುದೆಂದು ಎಷ್ಟೋ ಸಲ ಯೋಚಿಸಿದ್ದಳು. ಈಗಲೂ ಒಂದು ಕ್ಷಣ ಆ ಸದ್ದು ಕಿವಿಯಲ್ಲಿ ಬಂತು. ಅದಕ್ಕೇ ಅವಳಿಗೆ ತನ್ನ ಮೇಲೂ ಸಿಟ್ಟು ಬಂದದ್ದು.

"ಅಪ್ಪಂಗೆ ಹೇಳಿದ್ಯಾ?"

"ಇದನ್ನ ಎತ್ತಿದ ಮೇಲೆ ಹೇಳ್ತೀನಿ. ಮೊದಲೇ ಹೇಳಿದ್ರೆ ಹಗ್ಗ ಎಳೆಯೋರು ಯಾರು?"

ಅವಳು ಅವನನ್ನೇ ನೋಡಿದಳು. ಹುಬ್ಬಿನ ಪಕ್ಕದ ಗಾಯ, ಕತ್ತಿನ ಮೇಲಿನ ಬೆವರು, ಎಲ್ಲ ನಿನ್ನೆಯಂತೆಯೇ ಇದ್ದವು. ಈಗಲೂ ಚೆಂದವಿದ್ದ, ಹಾಳಾದವನು.

ಕೊನೆಯ ಕುಣಿಕೆಯೂ ಸೇರಿತು. ಅಪ್ಪ ಕೂಗಿದ. ನಲವತ್ತು ಜನ ಎಳೆದರು. ಕ್ಯಾನ್ವಾಸು ಅವರಿಬ್ಬರ ಕೈಬಿಟ್ಟು ಮೇಲೆದ್ದಿತು. ಎಳೆಯುತ್ತಿದ್ದವರಿಗೆ ಏನೂ ಗೊತ್ತಿರಲಿಲ್ಲ. ಯಾರೋ ತಮಾಷೆ ಮಾಡಿದರು, ಅಪ್ಪನೂ ನಕ್ಕ.

ಎದುರಿಗಿದ್ದವನು ಎದ್ದು ಅವಳತ್ತ ಕೈ ಚಾಚಿದ. "ನಾವಿಬ್ರೇ ಅಪ್ಪಂಗೆ ಹೇಳೋಣ. ನಾಳೆ ರಿಜಿಸ್ಟರ್ ಆಫೀಸಲ್ಲಿ ಮದುವೆ. ಬರ್ತೀಯ ತಾನೆ?"

"ಬರಲ್ಲ."