ಸೈರನ್ ಕೂಗಿತು ಎಂದುಕೊ

ಕೀಟಲೆ ತನ್ನ ಏಳುನೂರನೆಯ ತಪ್ಪನ್ನು ನೆಟ್ಟಿತು. ಅಣೆಕಟ್ಟಿನ ಗೇಟುಗಳನ್ನು ಆಡಿಸುವ ತಂತ್ರಾಂಶದ ಒಂದು ಪ್ರತಿಯಲ್ಲಿ ‘ಹೆಚ್ಚು’ ಇದ್ದಲ್ಲಿ ‘ಕಡಿಮೆ’ ಎಂದು ತಿದ್ದಿ, ಎಂಬತ್ತು ಸಾವಿರ ಪರೀಕ್ಷೆಗಳನ್ನು ಅದರ ಮೇಲೆ ಛೂ ಬಿಟ್ಟಿತು. ಒಂದು ಪರೀಕ್ಷೆ ಕೆಂಪಾಯಿತು. ಕಳ್ಳ ಸಿಕ್ಕಿಬಿದ್ದಿದ್ದ.

ಅಣೆಕಟ್ಟಿನ ತಂತ್ರಾಂಶ ನೋಡಿಕೊಳ್ಳುವ ವಾರಿಜಾ ಕಂಡುಹಿಡಿದ, ಕೀಟಲೆ ಎಂಬ ಈ ಯಂತ್ರದ ಕೆಲಸವೇ ಅದು: ಬೇಕೆಂದೇ ತಪ್ಪು ಮಾಡಿ, ಕಾವಲು ಕೂತ ಪರೀಕ್ಷೆಗಳು ಎಚ್ಚರವಾಗಿವೆಯೋ ತೂಕಡಿಸುತ್ತಿವೆಯೋ ನೋಡುವುದು. 2061ರಲ್ಲಿ ನಾಲ್ಕು ಕೋಟಿ ಸಾಲುಗಳ ಆ ತಂತ್ರಾಂಶವನ್ನು ಪೂರ್ತಿ ಓದಿದವರು ಯಾರೂ ಇರಲಿಲ್ಲ. ಹಸಿರು ಗುರುತನ್ನು ನಂಬಿಯೇ ನೀರು ಬಿಡುತ್ತಿದ್ದರು.

ಮುಂದಿನ ತಪ್ಪಿಗೆ ಕೀಟಲೆ ಅದೇ ಪ್ರತಿಯಲ್ಲಿ, ಹೊಳೆಗುಂಟ ಆರು ಕಿಲೋಮೀಟರ್ ಕೆಳಗಿನ ಕಡಲಕೊಪ್ಪ ಊರಿನ ಸೈರನ್ ಕೂಗಿಸುವ ಸಾಲನ್ನೇ ಅಳಿಸಿಹಾಕಿತು. ಪರೀಕ್ಷೆಗಳು ಓಡಿದವು. ಎಲ್ಲವೂ ಹಸಿರು; ಈ ಕಳ್ಳ ಯಾರಿಗೂ ಸಿಗಲಿಲ್ಲ.

ವಾರಿಜಾ ಸೈರನ್ನಿನ ಪರೀಕ್ಷೆಯನ್ನು ತೆರೆದಳು. ಒಂದೇ ಸಾಲು: ‘ಸೈರನ್ ಕೂಗಿತು ಎಂದುಕೊ.’ ಬರೆದವಳು ಅವಳೇ. ಹನ್ನೆರಡು ವರ್ಷದ ಹಿಂದೆ, ಪರೀಕ್ಷೆಗೆಂದು ಕೂಗಿಸಿದ ಸೈರನ್ನಿಗೆ ಹೆದರಿ ಅಲ್ಲಿಯ ಮದುವೆ ದಿಬ್ಬಣ ದಿಕ್ಕಾಪಾಲಾಗಿ ಓಡಿತ್ತು. ಊರವರು ಬಂದು ಜಗಳ ತೆಗೆದ ಮೇಲೆ, ಸೈರನ್ ಕೂಗಿಸದೆಯೇ ಪರೀಕ್ಷೆ ಹಸಿರಾಗಲಿ, ಸದ್ಯಕ್ಕೆ ಇರಲಿ ಎಂದು ಸೇರಿಸಿದ ಸಾಲು. ಆಮೇಲೆ ಮರೆತೇಬಿಟ್ಟಿದ್ದಳು.

“ಗೇಟ್ ತೆಗಿಯೋದು ಎಷ್ಟಕ್ರಿ?” ಎಂದು ನಿಯಂತ್ರಣ ಕೊಠಡಿಯಲ್ಲಿ ಪಕ್ಕದಲ್ಲೇ ಇದ್ದ ಎಂಜಿನಿಯರ್ ಸಂಗನಬಸಪ್ಪನವರನ್ನು ಕೇಳಿದಳು.

“ಹನ್ನೊಂದಕ್ರಿ ಮೇಡಂ. ಇನ್ನ ಅರ್ಧ ತಾಸು ಐತಿ.”

ನಾಗರ ಪಂಚಮಿ ಹತ್ತಿರವಾಗಿತ್ತು. ಕಡಲಕೊಪ್ಪದ ಹೆಂಗಸರೆಲ್ಲ ಹೊಳೆಯಲ್ಲಿ ಹೊದೆಯುವ ಕೌದಿ ಒಗೆಯುವ ದಿನಗಳು.

“ಈಗ್ಲೇ ಖರೇ ಸೈರನ್ ಒತ್ರಿ.”

“ಮಂದಿ ಗಾಬರಿ ಆಗ್ತಾರಲ್ರಿ?”

“ಆಗ್ಲಿ. ಒತ್ರಿ!”

ಸಂಗನಬಸಪ್ಪ ಗುಂಡಿ ಒತ್ತಿ, ಆ ಊರಿನ ಪಂಚಾಯ್ತಿ ಸದಸ್ಯೆ ಗಂಗವ್ವನಿಗೆ ಫೋನ್ ಮಾಡಿ ಸೈರನ್ ಕೇಳಿಸಿತೇ ಎಂದು ವಿಚಾರಿಸಿದರು. ಫೋನಿನಲ್ಲಿ ಬಟ್ಟೆ ಬಡಿಯುವ ಸದ್ದು ಬಿಟ್ಟರೆ ಬೇರೇನಿಲ್ಲ.

“ಭೋಂಗಾ ಏನೂ ಕೇಳವಲ್ದ್ರಿ ಸಾಹೇಬ್ರ,” ಎಂದಳು ಗಂಗವ್ವ.

“ಎಲ್ಲಾರನ್ನೂ ಹೊಳಿ ದಂಡಿ ಮ್ಯಾಲ ಕರ್ಕೊಂಡ್ ಬಾ, ಲಗೂನ!” ಎಂದು ಸಂಗನಬಸಪ್ಪ ಕೂಗಿದರು.

ವಾರಿಜಾ ಗೇಟು ತೆರೆಯುವ ಆದೇಶವನ್ನು ತಡೆದಳು.

ಸಂಗನಬಸಪ್ಪ ಕುರ್ಚಿಯಲ್ಲಿ ಕುಸಿದರು. “ಹ್ವಾದ ವರ್ಷ ಇಬ್ರು ಹೆಣ್ಮಕ್ಕಳು ಕೊಚ್ಚಿ ಹೋದ್ರಲ್ರಿ ಮೇಡಂ. ಭೋಂಗಾ ಕೂಗೇ ಇಲ್ಲಂತ ಊರ ಮಂದಿ ಬಡ್ಕೊಂಡ್ರು.”

ಆ ತನಿಖಾ ವರದಿ ಅವಳಿಗೆ ನೆನಪಿತ್ತು. ‘ಸೈರನ್ ಕೂಗಿದೆ; ಮೃತರ ಅಲಕ್ಷ್ಯವೇ ಕಾರಣ.’ ಕೆಳಗೆ ಅವಳದೇ ಸಹಿ. ಕಿವಿಯಾರೆ ಕೇಳುವ ಇಡೀ ಊರನ್ನು ಬಿಟ್ಟು, ತಾನೇ ಹೇಳಿಕೊಟ್ಟದ್ದನ್ನು ತಿರುಗಿ ಒಪ್ಪಿಸಿದ ಪರೀಕ್ಷೆಯ ಹಸಿರು ಗುರುತನ್ನು ಅವಳು ನಂಬಿದ್ದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಫೋನ್ ಇನ್ನೂ ಚಾಲೂ ಇತ್ತು. ಏದುಸಿರಿನ ನಡುವೆ ಗಂಗವ್ವ ಕೇಳಿದಳು: “ಎಲ್ಲಾರೂ ಮ್ಯಾಲ ಬಂದ್ವಿ. ಇವತ್ತರೆ ನಮ್ಮ ಮಾತು ನಂಬಿದ್ರೇನ್ರಿ?”